ಜತ್ತ ರೋಡ್: ನಮ್ಮ ಸೀಮೆಯ ಪಾದಗಟ್ಟೆ



ಪ್ರತಿ ವರ್ಷ ಜಾತ್ರೆಯ ಕಾಲಕ್ಕೆ ಪರವೂರಿನ ಭಕ್ತರೊಬ್ಬರಾದರೂ ನನ್ನ ಅಂಗಡಿಯ ಕಟ್ಟೆಗೆ ಬಂದು ಕುಳಿತು, "ಜತ್ತ ರೋಡ್ ಸ್ಟೇಶನ್ನಿನಲ್ಲಿ ಇಳಿದೆವು, ಊರೇ ಕಾಣಲಿಲ್ಲವಲ್ಲರೀ ಸಾವಕಾರ್ರೆ!" ಎನ್ನುತ್ತಾರೆ. "ಅದು ಜತ್ತ ಅಲ್ಲರೀ, ಜತ್ತಿನ ದಾರಿ" ಎಂದು ನೀರು ಕೊಟ್ಟು ಸಮಾಧಾನ ಹೇಳುತ್ತೇನೆ. ಈ ಸಲದ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ, ಆ ಸ್ಟೇಶನ್ನಿನ ಕಥೆಯನ್ನೇ ಬರೆಯಬೇಕೆನಿಸಿತು.

ರೇಲ್ವೆಯವರು ಊರಿನ ಹೆಸರಿನ ಮುಂದೆ "ರೋಡ್" ಎಂದು ಬರೆದರೆ, ಊರು ಅಲ್ಲಿಂದ ದೂರವಿದೆ, ಇಲ್ಲಿ ಇಳಿದು ಮುಂದೆ ಹೋಗಬೇಕು ಎಂದು ಅರ್ಥ. ಇಂದಿನ ಕುರ್ಡುವಾಡಿ ಜಂಕ್ಷನ್ನಿಗೂ ಒಂದು ಕಾಲಕ್ಕೆ ಬಾರ್ಶಿ ರೋಡ್ ಎಂದೇ ಹೆಸರಿತ್ತು. ಮುಂಬಯಿ ಕಡೆಯ ದೊಡ್ಡ ಹಳಿ ಬಾರ್ಶಿ ಪೇಟೆಯನ್ನು ಬಿಟ್ಟು ದೂರದಿಂದಲೇ ಹಾದುಹೋಗಿತ್ತು. ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರು ಆ ಕೊರತೆಯನ್ನು ನೀಗಿಸಲು ಬಾರ್ಶಿ ಲೈಟ್ ರೇಲ್ವೆ ಕಂಪನಿ ಕಟ್ಟಿ, 1897ರಲ್ಲಿ ಬಾರ್ಶಿ ಪೇಟೆಗೆ ಗಾಡಿ ತಂದರು. 1906ರಲ್ಲಿ ಆ ಹಳಿ ಪಂಢರಪುರಕ್ಕೆ ಮುಟ್ಟಿತು. 1927ರಲ್ಲಿ ಪಂಢರಪುರದಿಂದ ಸಾಂಗೋಲಾ, ಢಾಲಗಾಂವ, ಕವಠೆ ಮಹಾಂಕಾಳ ಮಾರ್ಗವಾಗಿ ಮಿರಜಿನವರೆಗೆ ಬಂತು. ಈ ಹಳಿಯ ಮೇಲಿರುವುದೇ ನಮ್ಮ ಜತ್ತ ರೋಡ್.

ಆಗ ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಸಂಸ್ಥಾನದ ಹೆಸರು ರೈಲಿನ ಫಲಕದ ಮೇಲೆ ಬಂತು, ರೈಲು ಮಾತ್ರ ಊರಿನ ಉತ್ತರಕ್ಕೆ ದೂರದಿಂದಲೇ ಹೋಯಿತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. 1954ರಲ್ಲಿ ಸರಕಾರ ಬಾರ್ಶಿ ಲೈಟ್ ಕಂಪನಿಯನ್ನು ಕೊಂಡುಕೊಂಡಿತು. ಧಣಿಗಳು ಬದಲಾದರೂ ಹಳಿ ಇದ್ದಲ್ಲೇ ಉಳಿಯಿತು. ಪೂರ್ವ ಭಾಗದ ನಮ್ಮ ಕನ್ನಡ ಹಳ್ಳಿಗಳವರು ರೈಲಿಗಾಗಿ ವಿಜಯಪುರದ ಕಡೆಗೇ ಹೋಗುವುದು ರೂಢಿಯಾಯಿತು. ಹೀಗೆ ಎರಡು ಹಳಿಗಳ ನಡುವೆ ನಮ್ಮ ಸೀಮೆ ಉಳಿದುಕೊಂಡಿದೆ.

ಆ ಹಳೆಯ ಹಳಿಯ ಅಗಲ ಬರೇ ಎರಡೂವರೆ ಅಡಿ, ನನ್ನ ಅಂಗಡಿಯ ಗಲ್ಲೆಯ ಮೇಜಿನಷ್ಟು. ನಾನು ಹುಡುಗನಿದ್ದಾಗ ನಮ್ಮ ಅವ್ವ ಆಷಾಢ ಏಕಾದಶಿಗೆ ನನ್ನನ್ನು ಆ ಸಣ್ಣ ಗಾಡಿಯಲ್ಲಿ ಪಂಢರಪುರಕ್ಕೆ ಕರೆದುಕೊಂಡು ಹೋಗಿದ್ದಳು. ಬುತ್ತಿಯ ಗಂಟು ನನ್ನ ತೊಡೆಯ ಮೇಲೆ, ಮಗ್ಗಲಿಗೆ ತಾಳ ಹಿಡಿದ ವಾರಕರಿಗಳು. ಅವರ ಮಾತು ಮರಾಠಿ, ನಮ್ಮ ಅವ್ವನ ಮಾತು ಕನ್ನಡ. ಆದರೆ ರೊಟ್ಟಿ ಚಟ್ನಿ ಹಂಚಿಕೊಂಡು ತಿನ್ನಲು ಯಾವ ಭಾಷೆಯೂ ಅಡ್ಡ ಬರಲಿಲ್ಲ. ಆಗ ಮಿರಜ ಸ್ಟೇಶನ್ನಿನಲ್ಲಿ ಬ್ರಾಡ್ ಗೇಜ್, ಮೀಟರ್ ಗೇಜ್, ನ್ಯಾರೋ ಗೇಜ್ ಮೂರೂ ಹಳಿಗಳಿದ್ದವು. ಒಂದು ಹಳಿಯ ಗಾಡಿ ಇನ್ನೊಂದರ ಮೇಲೆ ಓಡದು. ಆದ್ದರಿಂದ ವ್ಯಾಪಾರಿಗಳ ಮಾಲನ್ನು ಹಮಾಲರು ಒಂದರಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಾಗುತ್ತಿತ್ತು. ಸಮಯವೂ ಹೋಗುತ್ತಿತ್ತು, ಮಾಲೂ ಸೋರುತ್ತಿತ್ತು.

2011ರ ವೇಳೆಗೆ ಈ ಮಾರ್ಗದಲ್ಲಿ ಬ್ರಾಡ್ ಗೇಜ್ ಗಾಡಿಗಳು ಓಡತೊಡಗಿದವು, ಆ ತೊಂದರೆ ತಪ್ಪಿತು. ಅದರ ಬೆಲೆ ನಮಗೆ ತಿಳಿದದ್ದು 2016ರ ಏಪ್ರಿಲ್‌ನಲ್ಲಿ. ಲಾತೂರಿನಲ್ಲಿ ಕುಡಿಯಲು ನೀರಿಲ್ಲದಂತಾಗಿತ್ತು. ಮಿರಜಿನಲ್ಲಿ ಕೃಷ್ಣೆಯ ನೀರು ತುಂಬಿಕೊಂಡು ಮೊದಲು 10 ಟ್ಯಾಂಕರ್ ವ್ಯಾಗನ್ನುಗಳ ಗಾಡಿ ಸುಮಾರು 5 ಲಕ್ಷ ಲೀಟರು ಒಯ್ದಿತು, ಮುಂದೆ 50 ವ್ಯಾಗನ್ನುಗಳ ಗಾಡಿಯೇ ಓಡಿತು. ಆ ಗಾಡಿಗಳೆಲ್ಲ ಹಾದುಹೋದದ್ದು ಇದೇ ಜತ್ತ ರೋಡ್ ದಾಟಿ. ಆ ವರ್ಷ ನಮ್ಮ ತಾಲೂಕಿನ ಹಳ್ಳಿಗಳೂ ಟ್ಯಾಂಕರಿನ ದಾರಿ ಕಾಯುತ್ತಿದ್ದವು. ನೀರಿನ ಗಾಡಿ ನಮ್ಮ ಹೆಸರಿನ ಸ್ಟೇಶನ್ ದಾಟಿ ಹೋಗುವಾಗ ಹೊಟ್ಟೆಯಲ್ಲಿ ಸಂಕಟವಾದದ್ದು ಸುಳ್ಳಲ್ಲ. ಆದರೂ ನಮಗಿಂತ ಬಾಯಾರಿದವರಿಗೆ ಹೋಗುತ್ತಿದೆ ಎಂದು ಕೈಮುಗಿದವರೂ ನಮ್ಮವರೇ.

ಮುಂದೆ 2020ರ ಡಿಸೆಂಬರ್ 28ರಂದು ದೇಶದ ನೂರನೆಯ ಕಿಸಾನ್ ರೈಲು ಪಕ್ಕದ ಸಾಂಗೋಲಾದಿಂದ ಪಶ್ಚಿಮ ಬಂಗಾಳದ ಶಾಲಿಮಾರಕ್ಕೆ ಹೊರಟಿತು. ದಾಳಿಂಬೆ, ದ್ರಾಕ್ಷಿ ಬೆಳೆಯುವ ನಮ್ಮ ರೈತರಿಗೂ ಈ ಹಳಿಯಿಂದ ಏನಾಗಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಮಹನೀಯರೇ, ಗುಡಿಯವರೆಗೆ ಬರಲಾಗದ ಭಕ್ತರು ಪಾದಗಟ್ಟೆಯಲ್ಲಿ ಕಾಯಿ ಒಡೆದು ಕೈಮುಗಿಯುತ್ತಾರೆ. ದೇವರು ಅದನ್ನೂ ಸ್ವೀಕರಿಸುತ್ತಾನೆ. ಜತ್ತ ರೋಡ್ ನಮ್ಮ ಸೀಮೆಯ ಪಾದಗಟ್ಟೆ ಇದ್ದ ಹಾಗೆ. ಆದರೆ ಯಾರೂ ನಿಲ್ಲದ ಪಾದಗಟ್ಟೆಯ ಮೇಲೆ ಹುಲ್ಲು ಬೆಳೆಯುತ್ತದೆ. ಗಿರಾಕಿ ಇಲ್ಲದ ಅಂಗಡಿಯನ್ನು ಯಾರು ತೆರೆದಿಡುತ್ತಾರೆ? ಸ್ಟೇಶನ್ನಿಗೂ ಅದೇ ಲೆಕ್ಕ. ಟಿಕೇಟು ಹೋದರೆ ಗಾಡಿ ನಿಲ್ಲುತ್ತದೆ, ಹೋಗದಿದ್ದರೆ ಗಾಡಿಯೇ ಹೋಗಿಬಿಡುತ್ತದೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಸೋಲಾಪುರ, ಪಂಢರಪುರ, ಮಿರಜ ಕಡೆಯಿಂದ ನಮ್ಮ ಜಾತ್ರೆಗೂ, ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೂ ಬರುವವರು ಒಮ್ಮೆಯಾದರೂ ರೈಲಿನಲ್ಲಿ ಬನ್ನಿರಿ. ಎಲ್ಲ ಗಾಡಿಗಳೂ ಜತ್ತ ರೋಡಿನಲ್ಲಿ ನಿಲ್ಲುತ್ತವೆಂದು ತಿಳಿಯಬೇಡಿರಿ, ಮೊದಲೇ ವಿಚಾರಿಸಿರಿ. ಟಿಕೇಟು ಕೊಂಡೇ ಬನ್ನಿರಿ. ಜಾತ್ರೆಯ ದಿನಗಳಲ್ಲಿ ಸ್ಟೇಶನ್ನಿನಿಂದ ವಯಸ್ಸಾದವರನ್ನು ಕರೆತರಲು ಒಂದು ವಾಹನದ ಏರ್ಪಾಡು ಮಾಡುವ ಬಗ್ಗೆ ಸಮಿತಿಯವರು ಯೋಚಿಸಬೇಕೆಂದೂ ಕೇಳಿಕೊಳ್ಳುತ್ತೇನೆ.

2027ಕ್ಕೆ ಈ ಮಾರ್ಗಕ್ಕೆ ನೂರು ವರ್ಷ ತುಂಬುತ್ತದೆ. ಅಷ್ಟರೊಳಗೆ ಆ ಫಲಕದ ಕೆಳಗೆ ನಮ್ಮ ಜನ ನಾಲ್ಕು ಮಂದಿ ಹೆಚ್ಚಾಗಿ ಇಳಿಯುವಂತಾದರೆ ಅದೂ ಒಂದು ಸೇವೆಯೇ ಎಂದು ನಾನು ಭಾವಿಸುತ್ತೇನೆ.

ದೇವಿಯ ಕೃಪೆ ಸರ್ವರ ಮೇಲಿರಲಿ.