ಕಂಡವನು ಮತ್ತು ಏರಿದವನು

ಉತ್ತರ ಧ್ರುವವೃತ್ತದೊಳಗಿನ ಅತ್ಯುನ್ನತ ಶಿಖರವಾದ ಗುನ್‌ಬ್ಯೋರ್ನ್ ಪೂರ್ವ ಗ್ರೀನ್‌ಲ್ಯಾಂಡಿನಲ್ಲಿದೆ. ಅದರ ಎತ್ತರ 3,694 ಮೀಟರ್. ಅದು ಸೇರಿರುವ ಪರ್ವತಶ್ರೇಣಿಗೆ ಗಿನೊ ವಾಟ್ಕಿನ್ಸ್ ಎಂಬ ಆಂಗ್ಲ ತರುಣನ ಹೆಸರಿದೆ. ಆದರೆ ಆತ ಆ ಶಿಖರವನ್ನು ಏರಿದವನಲ್ಲ.

ಇಂಗ್ಲೆಂಡಿನಿಂದ ಉತ್ತರ ಅಮೆರಿಕಕ್ಕೆ ಗ್ರೀನ್‌ಲ್ಯಾಂಡಿನ ಮೂಲಕ ವಿಮಾನಮಾರ್ಗ ಸಾಧ್ಯವೇ ಎಂದು ಪರಿಶೀಲಿಸಲು 1930ರಲ್ಲಿ 14 ಮಂದಿಯ ತಂಡವೊಂದು ಹೊರಟಿತು. ಅದರ ನಾಯಕ ವಾಟ್ಕಿನ್ಸನಿಗೆ ಆಗ ಕೇವಲ 23 ವರ್ಷ. ತೀರದುದ್ದಕ್ಕೂ ಹಾರಿದ ಅವರ ವಿಮಾನದಿಂದಲೇ ಈ ಎತ್ತರದ ಪರ್ವತಗಳು ಗೋಚರಿಸಿದವು.

ಹಿಮಹಾಸಿನ ಮೇಲೆ ತಂಡವು ಒಂದು ಹವಾಮಾನ ಠಾಣೆಯನ್ನೂ ಸ್ಥಾಪಿಸಿತ್ತು. ಬಿರುಗಾಳಿಯಿಂದಾಗಿ ಚಳಿಗಾಲಕ್ಕೆ ಸಾಕಾಗುವಷ್ಟು ಆಹಾರವನ್ನು ಅಲ್ಲಿಗೆ ಸಾಗಿಸಲಾಗಲಿಲ್ಲ. ಇದ್ದ ಆಹಾರ ಇಬ್ಬರಿಗೆ ಸಾಲದೆಂದು ತಿಳಿದಾಗ ಆಗಸ್ಟಿನ್ ಕೋರ್ಟೋಲ್ಡ್ ತಾನೊಬ್ಬನೇ ಉಳಿಯುವೆನೆಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಆತ ಏಕಾಂಗಿಯಾಗಿದ್ದ. ಕೊನೆಯ ವಾರಗಳಲ್ಲಿ ಗುಡಾರ ಹಿಮದಲ್ಲಿ ಹೂತುಹೋಗಿ ಹೊರಬರುವ ದಾರಿಯೂ ಮುಚ್ಚಿತು. ಎಣ್ಣೆ, ಆಹಾರಗಳು ಮುಗಿಯುತ್ತ ಬಂದವು. ಹುಡುಕಲು ಬಂದ ಗೆಳೆಯರು ಠಾಣೆಯನ್ನು ಕಾಣದೆ ಹಿಂದಿರುಗಿದರು. ಆಗ ವಾಟ್ಕಿನ್ಸ್ ತಾನೇ ಇಬ್ಬರು ಸಂಗಡಿಗರೊಡನೆ ಹೊರಟ. 1931ರ ಮೇ 5ರಂದು ಅವರಿಗೆ ಕಂಡದ್ದು ಹರಿದ ಧ್ವಜ ಮತ್ತು ಹಿಮದಿಂದ ಹೊರಚಾಚಿದ ಗಾಳಿಕೊಳವೆಯ ತುದಿ. ವಾಟ್ಕಿನ್ಸ್ ಕೊಳವೆಯೊಳಗೆ ಕೂಗಿದ. ಕೆಳಗಿನಿಂದ ಉತ್ತರ ಬಂತು!

ಮರುವರ್ಷದ ಆಗಸ್ಟಿನಲ್ಲಿ ವಾಟ್ಕಿನ್ಸ್ ಅದೇ ತೀರದಲ್ಲಿ ಕಯಾಕ್ ದೋಣಿಯಲ್ಲಿ ಒಬ್ಬನೇ ಬೇಟೆಗೆ ಹೋದವನು ಮರಳಲಿಲ್ಲ. ದೋಣಿ ಸಿಕ್ಕಿತು, ದೇಹ ಸಿಗಲಿಲ್ಲ. ಆತನಿಗೆ ಇನ್ನೂ 25 ವರ್ಷ.

1935ರಲ್ಲಿ ಕೋರ್ಟೋಲ್ಡ್ ಗ್ರೀನ್‌ಲ್ಯಾಂಡಿಗೆ ಮರಳಿದ. ತನ್ನನ್ನು ಜೀವಂತ ಹೂಳಿದ್ದ ಆ ನಾಡನ್ನು ಆತ ದ್ವೇಷಿಸಲಿಲ್ಲ. ಹಿಂದಿನ ತಂಡದಲ್ಲೇ ಇದ್ದ ಭೂವಿಜ್ಞಾನಿ ಲಾರೆನ್ಸ್ ವೇಜರ್ ಜೊತೆಗಿದ್ದ. 1933ರಲ್ಲಿ ಎವರೆಸ್ಟಿನ ಮೇಲೆ ಕೃತಕ ಆಮ್ಲಜನಕವಿಲ್ಲದೆ ಸುಮಾರು 8,570 ಮೀಟರ್ ತಲುಪಿದ್ದವನು ಆತ. ಜ್ಯಾಕ್ ಲಾಂಗ್‌ಲ್ಯಾಂಡ್, ಡೆನ್ಮಾರ್ಕಿನ ಎಬ್ಬೆ ಮುಂಕ್ ಮೊದಲಾದವರೂ ಇದ್ದರು. ಆಗಸ್ಟ್ 16ರಂದು ಅವರು ಗುನ್‌ಬ್ಯೋರ್ನ್ ಶಿಖರದ ಮೇಲೆ ನಿಂತರು. ಅಲ್ಲಿಗೆ ಮುಟ್ಟಿದ ಮೊದಲಿಗರು ಅವರೇ.

ಮೊದಲ ಆರೋಹಣದ ದಾಖಲೆಯಲ್ಲಿ ವಾಟ್ಕಿನ್ಸನ ಹೆಸರಿಲ್ಲ. ಇರಲು ಸಾಧ್ಯವೂ ಇಲ್ಲ. ಆದರೂ, ನಾಲ್ಕು ವರ್ಷಗಳ ಹಿಂದೆ ಆತ ಗೆಳೆಯನನ್ನು ಅರಸಿ ಹೊರಡದಿದ್ದರೆ ಕೋರ್ಟೋಲ್ಡ್ ಆ ದಿನ ಅಲ್ಲಿ ನಿಲ್ಲುತ್ತಿರಲಿಲ್ಲ. ನಾವು ಏರಿದ ಎತ್ತರಗಳನ್ನು ಎಣಿಸುವಾಗ, ಎಂದೋ ನಮ್ಮನ್ನು ಕೂಗಿ ಕರೆದವರ ದನಿಯನ್ನೂ ನೆನೆಯುವುದು ನ್ಯಾಯ.