ಹಾಜರಿ ಪುಸ್ತಕದಲ್ಲಿಲ್ಲದ ಅಕ್ಕ

ಕಳೆದ ಬೇಸಿಗೆಯಲ್ಲಿ ಔರಾದ್ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಹಳೆಯ ರಿಜಿಸ್ಟರುಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ಹೈದರಾಬಾದ್ ಸಂಸ್ಥಾನದ ಕಾಲದಿಂದ ಈಚೆಗೆ ಬೀದರ್ ಜಿಲ್ಲೆಯ ಹಳ್ಳಿ ಶಾಲೆಗಳಿಗೆ ಯಾರು ಬಂದರು, ಯಾರು ಬರಲಿಲ್ಲ, ಬಂದವರು ಯಾವಾಗ ಬಿಟ್ಟರು ಎಂಬುದು ನನ್ನ ಪಿಎಚ್‌ಡಿ ವಿಷಯ. ದಾಖಲಾತಿ ಪುಸ್ತಕದಲ್ಲಿ 'ಶಾಲೆ ಬಿಟ್ಟ ಕಾರಣ' ಎಂಬ ಒಂದು ಕಾಲಂ ಇರುತ್ತದೆ. ಬಹುತೇಕ ಕಡೆ ಅಲ್ಲಿ ಕಾಣುವುದು 'ಸತತ ಗೈರುಹಾಜರಿ' ಎಂಬ ಎರಡೇ ಪದ. ಹಾಗೇ ಪುಟ ತಿರುವುವಾಗ 2008ನೇ ಸಾಲಿನಲ್ಲಿ ನನ್ನ ತಮ್ಮನ ಹೆಸರು ಸಿಕ್ಕಿತು. ಅದರ ಹಿಂದಿನ ಕೆಲವು ಪುಟಗಳಲ್ಲಿ ಅಕ್ಕನ ಹೆಸರೂ ಇತ್ತು. ಅದೇ ವರ್ಷ ಏಳನೆಯ ತರಗತಿ ಮುಗಿಸಿ ಆಕೆ ಶಾಲೆ ಬಿಟ್ಟಿದ್ದಳು.

ಕಾಗದದ ಪ್ರಕಾರ ಅಷ್ಟೇ. ನಿಜದಲ್ಲಿ ಅಕ್ಕ ಅಲ್ಲಿಂದ ಮುಂದೆ ಐದು ವರ್ಷ ಅದೇ ಶಾಲೆಯಲ್ಲಿ, ತಮ್ಮನ ಪಕ್ಕದಲ್ಲಿ, ಗೋಡೆಗೆ ಒರಗಿ ಕುಳಿತಿದ್ದಳು. ಆ ಐದು ವರ್ಷಗಳ ಒಂದು ಪುಸ್ತಕದಲ್ಲೂ ಅವಳ ಹೆಸರಿಲ್ಲ.

ತಮ್ಮನಿಗೆ ಮಾತು ಕಡಿಮೆ. ಆರು ವರ್ಷ ತುಂಬಿದಾಗ ಹತ್ತಿಪ್ಪತ್ತು ಶಬ್ದ ಆಡುತ್ತಿದ್ದ. ಊರಲ್ಲಿ ಅವನಿಗೆ ಮೂರು ಭಾಷೆಯಲ್ಲಿ ಹೆಸರಿತ್ತು: ಕನ್ನಡದಲ್ಲಿ ಹುಚ್ಚ, ಉರ್ದುವಿನಲ್ಲಿ ಪಾಗಲ್, ಮರಾಠಿಯಲ್ಲಿ ವೇಡಾ. ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ನಾಲ್ಕನೆಯ ಹೆಸರು ಸಿಕ್ಕಿತು, ಆಟಿಸಂ. ಏನು ಮಾಡಬೇಕೆಂದು ಬರೆದುಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ಅಪ್ಪ ನೀಟಾಗಿ ಮಡಚಿ ರೇಷನ್ ಕಾರ್ಡಿನ ಜತೆ ಇಟ್ಟ.

ಶಾಲೆಗೆ ಸೇರಿದ ಎರಡನೆಯ ತಿಂಗಳಲ್ಲಿ ತಮ್ಮ ಎಸೆದ ಪಾಟಿ ಪಕ್ಕದ ಹುಡುಗಿಯ ಹಣೆಗೆ ಬಡಿಯಿತು. ಆಕೆಯ ಅವ್ವ ಅಳುತ್ತ ಶಾಲೆಗೆ ಬಂದಳು. ಆ ತಾಯಿಯ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಮೂರು ತರಗತಿ ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕಲಿಸುತ್ತಿದ್ದ ಮಾಸ್ತರರೂ ಕೆಟ್ಟವರಲ್ಲ. ಎಸ್‌ಡಿಎಂಸಿಯ ಹಿರಿಯರು ಕೂತು ತೀರ್ಮಾನ ಹೇಳಿದರು: "ಮನ್ಯಾಗಿನವರು ಯಾರರೆ ಬಾಜೂಕ ಕೂಡ್ರಿ. ಇಲ್ಲಂದ್ರ ಕರಕೊಂಡ ಹೋಗ್ರಿ." ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವವರು. ನಾನು ಐದನೆಯ ತರಗತಿ, ಗಂಡು ಹುಡುಗ, ಓದಿನಲ್ಲಿ ಮುಂದು. ಹೈಸ್ಕೂಲು ಇದ್ದದ್ದು ಆರು ಕಿಲೋಮೀಟರ್ ಆಚೆ. ಅಕ್ಕನನ್ನು ಅಲ್ಲಿಗೆ ಕಳಿಸಬೇಕೋ ಬೇಡವೋ ಎಂಬ ಚರ್ಚೆ ಅವತ್ತು ಸಂಜೆಯೇ ಮುಗಿಯಿತು.

ಇದನ್ನು ನಮ್ಮ ಮನೆಯ ದುರದೃಷ್ಟ ಎಂದು ಬಹಳ ವರ್ಷ ತಿಳಿದುಕೊಂಡಿದ್ದೆ. ಇತಿಹಾಸ ಓದತೊಡಗಿದ ಮೇಲೆ ಇದರಲ್ಲಿ ದುರದೃಷ್ಟಕ್ಕಿಂತ ಲೆಕ್ಕವೇ ಹೆಚ್ಚಿದೆ ಅನ್ನಿಸಿತು. ಮಗುವನ್ನು ಶಾಲೆಯೊಳಗೆ ಕರೆಯುವ ಕಾನೂನು ಹಂತಹಂತವಾಗಿ ಬಂತು. ಮಗುವಿನ ಪಕ್ಕ ಯಾರು ಕೂರಬೇಕು ಎಂಬ ಲೆಕ್ಕ ಮಾತ್ರ ಪ್ರತಿ ಸಲವೂ ಮನೆಯವರ ಖಾತೆಗೆ ಬಿತ್ತು.

ಬೀದರ್‌ಗೆ ಹೋದವರೆಲ್ಲ ಮಹಮೂದ್ ಗವಾನನ ಮದರಸಾ ನೋಡುತ್ತಾರೆ. 1472ರಲ್ಲಿ ಕಟ್ಟಿದ್ದು. ಅಲ್ಲಿನ ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವು ಎಂದು ಇತಿಹಾಸಕಾರರು ಬರೆದಿದ್ದಾರೆ. ಉಪನ್ಯಾಸದ ಸಭಾಂಗಣ, ಪಾಠ ಹೇಳುವವರು ಮತ್ತು ಕೇಳುವವರು ಉಳಿಯುತ್ತಿದ್ದ ಕೋಣೆಗಳು ಇವತ್ತಿಗೂ ಗುರುತಿಗೆ ಸಿಗುತ್ತವೆ. ಅಷ್ಟು ಜನರಿಗೆ ನೀರು ತುಂಬಿದವರು, ಅಡುಗೆ ಬೇಯಿಸಿದವರು, ಜ್ವರ ಬಂದ ಹುಡುಗನ ತಲೆಯ ಬಳಿ ಕೂತವರು ಯಾರೆಂದು ಹುಡುಕಿದರೆ ಹೆಸರು ಸಿಗುವುದಿಲ್ಲ. ಶಿಕ್ಷಣದ ಇತಿಹಾಸ ಬರೆಯುವವರು ಗುರುವನ್ನೂ ಗ್ರಂಥವನ್ನೂ ಲೆಕ್ಕಕ್ಕೆ ಹಿಡಿದು, ಆರೈಕೆಯನ್ನು ಬಿಟ್ಟುಬಿಡುವ ರೂಢಿ ಬಹಳ ಹಳೆಯದು.

ನಮ್ಮ ಹಳ್ಳಿಗಳ ಹಳೆಯ ಶಾಲೆಯೆಂದರೆ ಕೂಲಿಮಠ, ಗಾಂವಠಿ ಶಾಲೆ. ಅಲ್ಲಿ ತಂಟೆ ಮಾಡುವ ಹುಡುಗನಿಗೆ ಮದ್ದು ಕೋದಂಡ: ತೊಲೆಗೆ ಹಗ್ಗ ಕಟ್ಟಿ ಹುಡುಗನನ್ನು ಜೋತಾಡಿಸುವುದು. ನನ್ನ ತಮ್ಮನಂಥವರು ಆ ಮಠದ ಹೊಸ್ತಿಲು ತುಳಿದಿರಲಾರರು. ಅವರಿಗೆ ದನ ಇದ್ದವು, ಹೊಲ ಇತ್ತು. ಹಿಂದಿನ ಕಾಲದಲ್ಲಿ ಇಡೀ ಊರೇ ಇಂಥವರನ್ನು ಸಾಕುತ್ತಿತ್ತು ಎಂದು ಹೇಳುವವರಿದ್ದಾರೆ. ಕೆಲವರ ಮಟ್ಟಿಗೆ ಅದು ನಿಜವಿರಬಹುದು. ಮನೆಯ ಕಂಬಕ್ಕೆ ಹಗ್ಗ ಹಾಕಿ ಕಟ್ಟಿದ ಮಕ್ಕಳ ಕತೆಗಳನ್ನು ನಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದೇನಾದ್ದರಿಂದ ಆ ಕಾಲವನ್ನು ನಾನು ಹೊಗಳಲಾರೆ.

ನಿಜಾಮರ ಆಡಳಿತದಲ್ಲಿ ಈ ಭಾಗದ ಮಕ್ಕಳಿಗೆ ಮೊದಲ ತೊಡಕೇ ಭಾಷೆಯದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವರು ಹುಟ್ಟಿದ ಕಮಲನಗರ ಈಚಿನವರೆಗೆ ನಮ್ಮ ಔರಾದ್ ತಾಲ್ಲೂಕಿನಲ್ಲೇ ಇತ್ತು. ಬಡ ಮಕ್ಕಳ ಊಟಕ್ಕಾಗಿ ಅವರು ಜೋಳಿಗೆ ಹಿಡಿದು ಊರೂರು ತಿರುಗಿದರು. ಅಕ್ಷರಕ್ಕಿಂತ ಮೊದಲು ಮಗುವಿಗೆ ರೊಟ್ಟಿ ಬೇಕು, ಮಲಗಲು ಜಾಗ ಬೇಕು, ಪಕ್ಕದಲ್ಲಿ ಒಬ್ಬರು ಬೇಕು ಎಂಬುದನ್ನು ಆ ಮಠ ಅರಿತಿತ್ತು. ಆ ಬೋರ್ಡಿನ ಕತೆ ನನಗೆ ಇನ್ನೊಂದು ಕಾರಣಕ್ಕೂ ನೆನಪಾಗುತ್ತದೆ. ಈಗ ಶಾಲೆಯ ಗೋಡೆಗಳ ಮೇಲೆ 'ಸಮನ್ವಯ ಶಿಕ್ಷಣ' ಎಂದು ಬಣ್ಣದಲ್ಲಿ ಬರೆದಿರುತ್ತದೆ. ಒಳಗೆ ಹೋಗಿ ನೋಡಿದರೆ ಬೇರೆಯೇ ನಡೆದಿರುತ್ತದೆ. ಅಂದಿನ ಬೋರ್ಡು ಸರ್ಕಾರದ ಕಣ್ಣು ತಪ್ಪಿಸಿ ಮಕ್ಕಳನ್ನು ಕಾಯಿತು. ಇಂದಿನದು ಯಾರನ್ನು ಕಾಯುತ್ತಿದೆ?

ಸಂವಿಧಾನದ 45ನೇ ವಿಧಿ 1950ರಲ್ಲಿ ಹತ್ತು ವರ್ಷದ ಗಡುವು ಹಾಕಿಕೊಂಡು, 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣದ ಆಸೆ ತೋರಿಸಿತು. ಬೀದರ್ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂಗವಿಕಲ ಮಕ್ಕಳ ಶಿಕ್ಷಣ ದಯೆಯ ವಿಷಯವಷ್ಟೇ ಅಲ್ಲ, ಸಾಧ್ಯವಾದಷ್ಟೂ ಅವರು ಸಾಮಾನ್ಯ ಶಾಲೆಯಲ್ಲೇ ಓದಬೇಕು ಎಂದು 1964–66ರ ಕೊಠಾರಿ ಆಯೋಗ ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರದ ಸಮನ್ವಿತ ಶಿಕ್ಷಣ ಯೋಜನೆ ಬಂತು. ನನ್ನ ಹುಡುಕಾಟದಲ್ಲಿ ಅಕ್ಕನ ನೆರಳು ಮೊದಲು ಕಂಡದ್ದು ಇಲ್ಲಿ. 1992ರ ಪರಿಷ್ಕೃತ ನಿಯಮಗಳಲ್ಲಿ ಮಗುವನ್ನು ಶಾಲೆಗೆ ಕರೆತರುವವರಿಗೆ ತಿಂಗಳಿಗೆ 75 ರೂಪಾಯಿ ಭತ್ಯೆ ಇತ್ತು, ಹತ್ತು ಮಕ್ಕಳಿಗೆ ಒಬ್ಬ ಸಹಾಯಕರನ್ನು ನೇಮಿಸಲು ಅವಕಾಶವಿತ್ತು. ಆದರೆ ಇವೆರಡೂ ಕೈಕಾಲಿನ ತೀವ್ರ ತೊಂದರೆ ಇದ್ದ ಮಕ್ಕಳಿಗೆ. ನಡೆಯಬಲ್ಲ, ಓಡಬಲ್ಲ, ಆದರೆ ಗದ್ದಲ ತಾಳಲಾರದೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುವ ಮಗುವಿಗೆ ಜತೆಗಾರರು ಬೇಕೆಂದು ಆ ನಿಯಮ ಬರೆದವರಿಗೆ ಹೊಳೆದಿರಲಿಲ್ಲ.

1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತು. ಆಟಿಸಂ ಅದರಲ್ಲಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದು ಬಂತಾದರೂ, 21 ಬಗೆಗಳ ಪಟ್ಟಿಯೊಳಗೆ ಪೂರ್ತಿಯಾಗಿ ಸೇರಿದ್ದು 2016ರ ಕಾಯ್ದೆಯಲ್ಲಿ. ನನ್ನ ತಮ್ಮ ಶಾಲೆಗೆ ಹೋದ ಅಷ್ಟೂ ವರ್ಷ ಸರ್ವ ಶಿಕ್ಷಾ ಅಭಿಯಾನದ ಫಾರ್ಮುಗಳಲ್ಲಿ 'ಬುದ್ಧಿಮಾಂದ್ಯ' ಎಂದೇ ಇದ್ದ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದಿತು 16ನೇ ಸೆಕ್ಷನ್. ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ ಎಂದಿತು 17ನೇ ಸೆಕ್ಷನ್. ಕೋದಂಡದಿಂದ ಇಲ್ಲಿಗೆ ನಡೆದು ಬಂದ ದಾರಿ ಸಣ್ಣದೇನಲ್ಲ. ಆದರೆ "ಇವತ್ತ ಊಟಾ ಆದಮ್ಯಾಲೆ ಮನೀಗಿ ಕರಕೊಂಡ ಹೋಗವ್ವ" ಎಂಬ ಮಾತನ್ನು ತಡೆಯುವ ಸೆಕ್ಷನ್ ನನಗೆ ಸಿಗಲಿಲ್ಲ. ಆ ಮಾತು ಎಲ್ಲೂ ದಾಖಲಾಗುವುದಿಲ್ಲ. ಪುಸ್ತಕದಲ್ಲಿ ಮಗು ಹಾಜರಿರುತ್ತದೆ, ಕೋಣೆಯಲ್ಲಿ ಇರುವುದಿಲ್ಲ.

ಆಗಲೇ ನಲಿ-ಕಲಿಯೂ ಬಂತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮಗು ತನ್ನ ವೇಗದಲ್ಲಿ ಕಲಿಯಬಹುದು ಎಂಬುದು ತಮ್ಮನಿಗೆ ವರವೇ ಆಗಿತ್ತು. ಆದರೆ ಹಾಡು, ಚಪ್ಪಾಳೆ, ಗುಂಪುಗುಂಪಾಗಿ ಓಡಾಟ, ಉಳಿದ ಮಕ್ಕಳನ್ನು ಅರಳಿಸಿದ ಆ ಸದ್ದು ಅವನ ಕಿವಿಗೆ ಕಾದ ಎಣ್ಣೆ. ಅವನು ಕಿರುಚಿದರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಕೇಳಿಸದವನಂತೆ ಬರೆಯುತ್ತಿದ್ದೆ.

ಅಕ್ಕನಿಗೆ ಯಾವ ತರಬೇತಿಯೂ ಇರಲಿಲ್ಲ. ಆದರೂ ಮೊದಲ ವರ್ಷ ಮುಗಿಯುವುದರೊಳಗೆ ಒಂದು ಸಂಗತಿ ಕಂಡುಕೊಂಡಿದ್ದಳು. ತಮ್ಮನ ಕಿರುಚಾಟ ಶುರುವಾಗುತ್ತಿದ್ದದ್ದು ಗಂಟೆ ಬಾರಿಸಿದ ಮೇಲಲ್ಲ, ಅದಕ್ಕೂ ಐದು ನಿಮಿಷ ಮುಂಚೆ. ನಮ್ಮ ಶಾಲೆಯ ಗಂಟೆಯೆಂದರೆ ನೇತುಹಾಕಿದ ರೈಲು ಹಳಿಯ ತುಂಡು. ಬಾರಿಸುವ ಹುಡುಗ ಕಬ್ಬಿಣದ ಸಲಾಕೆ ಹಿಡಿದು ಬಾಗಿಲ ಮುಂದೆ ಹಾದುಹೋಗುವುದನ್ನು ತಮ್ಮ ನೋಡುತ್ತಿದ್ದ. ಬರಲಿರುವ ಸದ್ದಿಗೆ ಹೆದರಿ ಪಾಟಿ ಎಸೆಯುತ್ತಿದ್ದ. ಇದು ತಿಳಿದ ಮೇಲೆ ಅಕ್ಕ ಆ ಹುಡುಗ ಏಳುವ ಮೊದಲೇ ತಮ್ಮನ ಕೈ ಹಿಡಿದು ಹಿಂದಿನ ಬೇವಿನ ಮರದ ಕೆಳಗೆ ಕರೆದೊಯ್ಯುತ್ತಿದ್ದಳು. ಪಾಟಿ ಎಸೆಯುವುದು ನಿಂತುಹೋಯಿತು. ಹಸಿವಾದರೆ ಅಂಗಿಯ ಗುಂಡಿ ಕೀಳುತ್ತಾನೆ, ಒಂದಕ್ಕೆ ಹೋಗಬೇಕಾದರೆ ಮುಂಗೈ ಕಚ್ಚುತ್ತಾನೆ ಎಂದೂ ಗುರುತು ಹಿಡಿದಿದ್ದಳು. ನಡವಳಿಕೆಗೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎಂದು ಬರೆದಿಟ್ಟು ಕಾರಣ ಹುಡುಕುವುದನ್ನು ವಿಶೇಷ ಶಿಕ್ಷಕರಿಗೆ ಡಿಪ್ಲೊಮಾದಲ್ಲಿ ಕಲಿಸುತ್ತಾರೆಂದು ನನಗೆ ತಿಳಿದದ್ದು ಈಚೆಗೆ.

ಈ ಜಾಣ್ಮೆಗೆ ಅವಳು ತೆತ್ತದ್ದು ಮೈಯಿಂದ. ಕಚ್ಚಿದ ಗುರುತು ಮುಚ್ಚಲು ಬೇಸಿಗೆಯಲ್ಲೂ ತುಂಬು ತೋಳಿನ ಕುಪ್ಪಸ ತೊಡುತ್ತಿದ್ದಳು. ತಮ್ಮನನ್ನು ಬಿಟ್ಟು ಏಳುವಂತಿಲ್ಲವೆಂದು ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಅವಳಿಗೆ ಎರಡು ಗಳಿಗೆ ಬಿಡುವು ಕೊಟ್ಟವರೆಂದರೆ ಬಿಸಿಯೂಟದ ಅಡುಗೆಯವ್ವಂದಿರು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ಬೀದರ್ ಒಂದು. ಕಾಗದದಲ್ಲಿ ಅಡುಗೆಗಷ್ಟೇ ಇದ್ದ ಆ ಹೆಂಗಸರು ಬೇಳೆ ಕುದಿಯುವ ಹೊತ್ತಿನಲ್ಲಿ ತಮ್ಮನಿಗೆ ಒಂದು ಮೊರ ಅಕ್ಕಿ ಕೊಟ್ಟು ಕೂರಿಸುತ್ತಿದ್ದರು. ಅಕ್ಕಿಯಲ್ಲಿ ಬೆರಳಾಡಿಸುತ್ತ ಅವನು ಅರ್ಧ ತಾಸು ಸುಮ್ಮನಿರುತ್ತಿದ್ದ.

ಸರ್ಕಾರ ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ತಾಲ್ಲೂಕಿಗೆ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಆದರೆ ಅವರು ಬೆರಳೆಣಿಕೆಯಷ್ಟು ಮಂದಿ, ಶಾಲೆಗಳು ಹಳ್ಳಿಗೊಂದು. ಬಂದ ದಿನ ಚೆನ್ನಾಗಿ ಕಲಿಸುತ್ತಾರೆ, ಮರುದಿನ ಬೇರೆ ಊರಲ್ಲಿರುತ್ತಾರೆ. 2016ರ ಕಾಯ್ದೆಯ 17ನೇ ಸೆಕ್ಷನ್, ಸಮನ್ವಯ ಶಿಕ್ಷಣಕ್ಕೆ ನೆರವಾಗುವ ಸಿಬ್ಬಂದಿಯನ್ನು ತರಬೇತುಗೊಳಿಸಬೇಕು ಎನ್ನುತ್ತದೆ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ವಿಶೇಷ ಅಗತ್ಯವುಳ್ಳ ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬುದನ್ನು ನಿಗದಿಪಡಿಸಬೇಕೆಂದಿತು. ಅಲ್ಲಿಯವರೆಗಿನ ತಾತ್ಕಾಲಿಕ ಅಳತೆಯಲ್ಲಿ ಆಟಿಸಂ ಮತ್ತು ಬೌದ್ಧಿಕ ವೈಕಲ್ಯವಿರುವ ಐದು ಮಕ್ಕಳಿಗೆ ಒಬ್ಬರು. ನಮ್ಮ ಅಕ್ಕ ಒಂದು ಮಗುವಿಗೆ ಒಬ್ಬಳಿದ್ದಳು, ಹದಿಮೂರು ವಯಸ್ಸಿನಿಂದ ಹದಿನೆಂಟರವರೆಗೆ. ಶಿಕ್ಷಣ ಹಕ್ಕು ಕಾಯ್ದೆ ಬಂದಾಗ ಅವಳಿಗೆ ಹದಿನೈದು. ಆ ಹಕ್ಕು ಇದ್ದದ್ದು ಹದಿನಾಲ್ಕರವರೆಗೆ.

ಈಗ ಅಕ್ಕ ಭಾಲ್ಕಿಯ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಎರಡು ಮಕ್ಕಳು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾಲ್ಕನೆಯ ತರಗತಿಯ ಒಬ್ಬ ಹುಡುಗ ಕೋಣೆ ಬಿಟ್ಟು ಓಡಿದಾಗ ಮಾಸ್ತರರು ಅವಳನ್ನೇ ಕರೆಯುತ್ತಾರಂತೆ. ರಿಜಿಸ್ಟರು ನೋಡಿ ಬಂದ ಮರುವಾರ ಅವಳ ಬಳಿ ಹೋಗಿದ್ದೆ. "ನನ್ನ ಸಲುವಾಗಿ, ತಮ್ಮನ ಸಲುವಾಗಿ ನಿನ್ನ ಸಾಲಿ ಹೋಯ್ತಲ್ಲ ಅಕ್ಕ" ಅಂದೆ. ಈ ಮಾತನ್ನು ಹತ್ತು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ನಕ್ಕಳು. "ನಂದೆಲ್ಲಿ ಹೋಯ್ತೊ, ನಾ ಎರಡ ಸಲ ಐದನೇತ್ತ ಪಾಸಾಗೀನಿ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರನೇತ್ತ ಬಂದಾಗ ಅವಗ ಸಾಲಿ ಸಾಕಾಯ್ತು. ಎಂಟನೇತ್ತದಾಗ ಏನಿರ್ತದಂತ ನನಗ ಗೊತ್ತಾಗಲೇ ಇಲ್ಲ ನೋಡು" ಅಂದಳು.

ನನ್ನ ಪ್ರಬಂಧದ ಒಂದು ಅಧ್ಯಾಯದಲ್ಲಿ ನಿನ್ನ ಹೆಸರು ಹಾಕಲೇ ಎಂದು ಕೇಳಿದೆ. ತಮ್ಮ ಕಚ್ಚಿದ್ದನ್ನು ಊರಿಗೆಲ್ಲ ಹೇಳಿದಂತಾಗುತ್ತದೆ ಎಂದು ಅವಳು ಒಪ್ಪಲಿಲ್ಲ. "ಅವ ಬೇಕಂತ ಕಚ್ಚಿಲ್ಲ. ಹೆಸರ ಬರಿಬ್ಯಾಡ. ಏನೇನ ಕೆಲಸಾ ಇತ್ತು ಅದಷ್ಟ ಬರಿ, ಮುಂದ ಯಾರರೆ ಪಗಾರ ಕೊಟ್ಟು ಇಟ್ಟರ ಅವರಿಗಿ ಗೊತ್ತಿರ್ಲಿ."

ಅದಕ್ಕೇ ಗಂಟೆ, ಬೇವಿನ ಮರ, ಅಂಗಿಯ ಗುಂಡಿ, ಅಕ್ಕಿಯ ಮೊರ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.