ಹಳೆಯ ಕಾರು, ಹೊಸ ಗುಂಡಿಗೆ

ಪಡುಬಿದ್ರಿಯಿಂದ ಕಾರ್ಕಳ, ಅಜೆಕಾರು, ಹೆಬ್ರಿ ದಾಟಿ ಬರುವ ರಸ್ತೆ ಸೋಮೇಶ್ವರದ ನಂತರ ಒಮ್ಮೆಲೇ ಮೇಲೇಳುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳು ಶುರುವಾಗುವುದು ಅಲ್ಲಿಂದ. ಕಾರಿನ ಬಣ್ಣ, ಬಾಡಿ ಎಷ್ಟೇ ಚೆಂದವಿರಲಿ, ಎಂಜಿನ್ನಿನ ಯೋಗ್ಯತೆ ತೀರ್ಮಾನವಾಗುವುದು ಈ ಏರಿನಲ್ಲಿ. ಉಸಿರು ಕಟ್ಟಿದ ಹಳೆಯ ಕಾರನ್ನು ಮಾರಲು ಮನಸ್ಸಿಲ್ಲದವರು ಆಗ ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಬೇರೆ ಎಂಜಿನ್ ಕೂರುತ್ತದೆಯೇ?

ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ದಕ್ಷಿಣ ಕನ್ನಡದ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಅಲ್ಲಿ ಎಂಜಿನ್ ಹಳೆಯದೇ, ಬದಲಾದದ್ದು ಅದರ ಆಹಾರ ಮಾತ್ರ. ಯುದ್ಧ ಮುಗಿದು ವರ್ಷಗಳಾದ ಮೇಲೆ ಎಂಜಿನ್ನೇ ಬದಲಾಗುವ ಕಾಲ ಬಂತು. 1973ರ ತೈಲ ಬಿಕ್ಕಟ್ಟು ಪೆಟ್ರೋಲ್ ಬೆಲೆಯನ್ನು ಮೇಲಕ್ಕೆತ್ತಿತು. ಪೆಟ್ರೋಲ್ ಜೀಪು, ಅಂಬಾಸಿಡರುಗಳ ಬಾನೆಟ್ಟಿನಡಿ ಡೀಸೆಲ್ ಎಂಜಿನ್ ಕೂರಿಸುವುದು ದೇಶದ ಗ್ಯಾರೇಜುಗಳಲ್ಲಿ ಒಂದು ಕಸುಬೇ ಆಯಿತು. ಮಟಡೋರ್ ವ್ಯಾನಿನ ಎಂಜಿನ್ನಿಗೂ ಮಹೀಂದ್ರ ಜೀಪಿನ ಪ್ಯೂಜೊ ಎಂಜಿನ್ನಿಗೂ ಈ ಕೆಲಸದಲ್ಲಿ ಒಳ್ಳೆಯ ಹೆಸರಿತ್ತು.

ಅಂಬಾಸಿಡರಿಗೂ ಸ್ಪೋರ್ಟ್ಸ್ ಕಾರಿಗೂ ಏನು ಸಂಬಂಧ ಎಂದು ಓದುಗರು ಹುಬ್ಬೇರಿಸಬಹುದು. ಸಂಬಂಧ ರಕ್ತದ್ದೇ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ತಯಾರಾದ ಅಂಬಾಸಿಡರಿಗೆ ಮೊದಲು ಇದ್ದದ್ದು ಹಳೆಯ ಕಾಲದ ಸೈಡ್‌ವಾಲ್ವ್ ಎಂಜಿನ್. 1959ರಲ್ಲಿ ಅದನ್ನು ತೆಗೆದು ಬಿಎಂಸಿ ಕಂಪೆನಿಯ 1489 ಸಿ.ಸಿ. ಬಿ-ಸೀರೀಸ್ ಎಂಜಿನ್ ಹಾಕಲಾಯಿತು. 1955ರಲ್ಲಿ ಬಂದ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಇದೇ ವಂಶದ 1489 ಸಿ.ಸಿ. ಎಂಜಿನ್. ಮದುವೆ ದಿಬ್ಬಣಕ್ಕೆ ಹತ್ತು ಮಂದಿಯನ್ನು ಹೊತ್ತ ನಮ್ಮ ಟ್ಯಾಕ್ಸಿಯೂ ಅಲ್ಲಿನ ಯುವಕರ ಕನಸಿನ ಕಾರೂ ಒಂದೇ ಮನೆತನದವು.

ಸ್ಪೋರ್ಟ್ಸ್ ಕಾರಿನ ಲೋಕದಲ್ಲಿ ಎಂಜಿನ್ ಬದಲಿಯಿಂದಲೇ ಹೆಸರಾದ ಕಾರುಗಳಿವೆ. ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಬ್ರಿಟನ್ನಿನ ಹಗುರವಾದ ಎಸಿ ಏಸ್ ಕಾರಿಗೆ ಫೋರ್ಡ್ ಕಂಪೆನಿಯ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿದ. ಅದೇ ಪ್ರಸಿದ್ಧ ಕೋಬ್ರಾ. 1970ರ ದಶಕದ ಮೊದಲಲ್ಲಿ ಕೆನ್ ಕಾಸ್ಟೆಲೊ ಎಂಬಾತ ಎಂಜಿಬಿ ಕಾರಿಗೆ ರೋವರ್ ವಿ-8 ಎಂಜಿನ್ ಹಾಕಿ ಮಾರತೊಡಗಿದ. ಅದು ಅಲ್ಯುಮಿನಿಯಮ್ ಎಂಜಿನ್. ಸಿಲಿಂಡರು ಎಂಟಾದರೂ ಕಬ್ಬಿಣದ ನಾಲ್ಕು ಸಿಲಿಂಡರಿನ ಹಳೆಯ ಎಂಜಿನ್ನಿಗಿಂತ ಭಾರ ಹೆಚ್ಚೇನೂ ಇರಲಿಲ್ಲ. ಇದನ್ನು ಕಂಡ ಕಂಪೆನಿ 1973ರಲ್ಲಿ ತಾನೇ ಅಂಥ ಕಾರು ತಂದಿತು. 1976ರವರೆಗೆ ಹೊರಬಂದದ್ದು 2591 ಕಾರುಗಳು.

ನಮ್ಮಲ್ಲಿ ಕೆಲವೊಮ್ಮೆ ಉಲ್ಟಾ ಕೆಲಸ ನಡೆಯಿತು. 1984ರ ಕಾಂಟೆಸಾ ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಅಗಲವಾದ ಬಾಡಿ ಹೊತ್ತು ಬಂದರೂ ಒಳಗಿದ್ದದ್ದು ಅಂಬಾಸಿಡರಿನ 1489 ಸಿ.ಸಿ. ಎಂಜಿನ್. 1985ರಲ್ಲಿ ಮದರಾಸಿನಿಂದ ಬಂದ ಸ್ಟ್ಯಾಂಡರ್ಡ್ 2000 ಕಾರಿನದ್ದೂ ಇದೇ ಕತೆ. ರೋವರಿನ ಚೆಲುವಾದ ಬಾಡಿಗೆ ಹಳೆಯ ವ್ಯಾನ್‌ಗಾರ್ಡ್ ಕಾಲದ ಎಂಜಿನ್. ಅದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಕಾಂಟೆಸಾ ಮಾತ್ರ ಬದುಕಿತು. ಜಪಾನಿನ ಇಸುಜು ಕಂಪೆನಿಯ 1.8 ಲೀಟರ್ ಎಂಜಿನ್ನೂ ಐದು ಗೇರಿನ ಗೇರ್‌ಬಾಕ್ಸೂ ಬಂದ ಮೇಲೆ ಅದರ ನಡಿಗೆಯೇ ಬದಲಾಯಿತು. ಮುಂದೆ ಅಂಬಾಸಿಡರಿಗೂ ಅದೇ ಇಸುಜು ಎಂಜಿನ್ ಬಂತು. ಕಾರ್ಖಾನೆಯೇ ಹಾಕಿದ ಎಂಜಿನ್ನಾದ ಕಾರಣ ಅದರ ಬಿಡಿಭಾಗಗಳನ್ನು ಹಳೆಯ ಕಾರುಗಳಿಗೆ ಜೋಡಿಸುವುದು ಮೆಕ್ಯಾನಿಕ್‌ಗಳಿಗೂ ಸುಲಭವಾಯಿತು.

ಹೊರಗಿನವರಿಗೆ ಎಂಜಿನ್ ಇಳಿಸಿ ಕೂರಿಸುವುದೇ ದೊಡ್ಡ ಕೆಲಸವಾಗಿ ಕಾಣುತ್ತದೆ. ಚೈನ್‌ಪುಲ್ಲಿ ಇದ್ದರೆ ಅದು ಒಂದು ದಿನದ ಕೆಲಸ. ಮೌಂಟಿಂಗ್ ಹೊಂದಿಸಬೇಕು, ಗೇರ್‌ಬಾಕ್ಸಿಗೆ ಸೇರುವ ಕಡೆ ಪ್ಲೇಟು ಮಾಡಿಸಬೇಕು, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಉದ್ದ ಸರಿಮಾಡಬೇಕು. ಇವೆಲ್ಲ ಲೇತ್ ಮತ್ತು ವೆಲ್ಡಿಂಗ್ ಬಲ್ಲವರ ಕೈಗೆ ದಕ್ಕುವಂಥವು. ಬೆವರಿಳಿಸುವುದು ವಯರಿಂಗ್.

ಎಂಜಿಎ ಕಾರಿನಲ್ಲಿದ್ದದ್ದು ಎರಡೇ ಫ್ಯೂಸು. ಕರೆಂಟು ಕೊಡಲು ಡೈನಮೊ. ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸುವುದು ಆ ಕಾಲದ ಬ್ರಿಟಿಷ್ ಕಾರುಗಳ ವಾಡಿಕೆ. ಈಗಿನ ಕಾರುಗಳಲ್ಲಿ ಅದು ನೆಗೆಟಿವ್. ಇದನ್ನು ಗಮನಿಸದೆ ಹೊಸ ಆಲ್ಟರ್ನೇಟರ್ ಜೋಡಿಸಿದರೆ ಅದರೊಳಗಿನ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಆಲ್ಟರ್ನೇಟರ್ ಕೊಡುವ ಹೆಚ್ಚಿನ ಕರೆಂಟನ್ನು ಹತ್ತಿ ಸುತ್ತಿದ ಹಳೆಯ ವಯರುಗಳು ತಾಳುವುದೂ ಇಲ್ಲ. ಹಳೆಯ ಎಂಜಿನ್ನಿಗೆ ಕಾಯಿಲ್, ಡಿಸ್ಟ್ರಿಬ್ಯೂಟರ್, ನಾಲ್ಕು ಪ್ಲಗ್ ಇದ್ದರೆ ಸಾಕು. ಇಂಜೆಕ್ಷನ್ ಎಂಜಿನ್ನಿಗೆ ಕಂಪ್ಯೂಟರ್ ಪೆಟ್ಟಿಗೆ ಬೇಕು, ಕ್ರ್ಯಾಂಕಿನ ಸ್ಥಾನ, ಗಾಳಿ, ಬಿಸಿ, ಹೊಗೆ ಎಲ್ಲದರ ವರದಿ ಒಪ್ಪಿಸುವ ಸೆನ್ಸರುಗಳು ಬೇಕು. ಕೀಲಿಯೊಳಗಿನ ಚಿಪ್ಪನ್ನು ಗುರುತಿಸದಿದ್ದರೆ ಆ ಪೆಟ್ಟಿಗೆ ಎಂಜಿನ್ ಸ್ಟಾರ್ಟ್ ಆಗಲೂ ಬಿಡುವುದಿಲ್ಲ. ಹಾಗಾಗಿ ಎಂಜಿನ್ ಕೊಳ್ಳುವವರು ಅದರ ಜತೆಗೆ ಆ ಪೆಟ್ಟಿಗೆ, ಕೀಲಿ ಮತ್ತು ಪೂರ್ತಿ ವಯರಿಂಗ್ ಕಟ್ಟನ್ನೂ ಕೊಳ್ಳುವುದೇ ಜಾಣತನ.

ಇನ್ನೊಂದು ಮಾತು, ಬ್ರೇಕಿನದು. ಅಂಬಾಸಿಡರಿನ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಎಂಜಿನ್ನಿನ ಶಕ್ತಿ ಹೆಚ್ಚಿಸಿ ಬ್ರೇಕನ್ನು ಹಾಗೆಯೇ ಬಿಟ್ಟವರಿಗೆ ಘಾಟಿ ಹತ್ತುವಾಗ ಸಂತೋಷ, ಇಳಿಯುವಾಗ ಅಪಾಯ.

ಕಾನೂನೂ ಈಗ ಮೊದಲಿನಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. ತಯಾರಕರು ನಮೂದಿಸಿದ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆರ್.ಸಿ. ಪುಸ್ತಕದ ಎಂಜಿನ್ ನಂಬರಿಗೂ ಬಾನೆಟ್ಟಿನಡಿಯ ನಂಬರಿಗೂ ತಾಳೆಯಾಗದಿದ್ದರೆ ಅಪಘಾತವಾದ ದಿನ ವಿಮೆಯವರ ಮುಂದೆ ನಿಲ್ಲುವುದು ಕಷ್ಟ. ಕೆಲಸಕ್ಕೆ ಕೈಹಾಕುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಬೇಕು.

2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ಇನ್ನೊಂದು ಕವಲು ತೋರಿಸಿದೆ. 50 ವರ್ಷ ದಾಟಿದ ವಾಹನಕ್ಕೆ ಆ ಮನ್ನಣೆ ಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಉಳಿದಿರಬೇಕು. ಹಾಗೆ ನೋಂದಣಿಯಾದ ಕಾರು ದಿನನಿತ್ಯದ ಓಡಾಟಕ್ಕಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಿದವರಿಗೆ ಮೂಲರೂಪದ ಬೆಲೆ ತಿಳಿದಿದೆ. ಆದರೆ ಮನೆಯಂಗಳದ ಪ್ರತಿ ಕಾರೂ ಸಂಗ್ರಹಾಲಯಕ್ಕೆ ಹೋಗುವುದಿಲ್ಲ. ಎಂಜಿನ್ ಬದಲಿಸದಿದ್ದರೆ ಎಷ್ಟೋ ಕಾರುಗಳು ಗುಜರಿ ಸೇರುತ್ತಿದ್ದವು ಎಂಬುದೂ ನಿಜ.

ಎರಡನ್ನೂ ಉಳಿಸಿಕೊಳ್ಳುವ ದಾರಿಯೊಂದನ್ನು ಬಲ್ಲವರು ಹೇಳುತ್ತಾರೆ: ಬಾಡಿಯನ್ನೂ ಚಾಸಿಯನ್ನೂ ಕತ್ತರಿಸಬೇಡಿ, ಹೊಸ ವಯರಿಂಗಿನ ನಕ್ಷೆ ಬರೆದಿಡಿ, ಇಳಿಸಿದ ಎಂಜಿನ್ನಿಗೆ ಎಣ್ಣೆ ಸವರಿ, ನಂಬರು ಮಾಸದಂತೆ ಜೋಪಾನ ಮಾಡಿ. ಮುಂದೊಂದು ದಿನ ಮನೆಯ ಮಕ್ಕಳಿಗೆ ಕಾರು ಮೊದಲಿನಂತೆಯೇ ಬೇಕೆನಿಸಿದರೆ ಆ ಎಂಜಿನ್ ಅಲ್ಲಿರಬೇಕು.